ಶಂಖಕ್ಕೆ ಬಂದ ಬೋಗುಣಿಗಳು

ಬೆಳಿಗ್ಗೆ ಎದ್ದು ಫುಲ್ಬೇರ್ ಮೇಷ್ಟ್ರು ನಲ್ಲಿ ತಿರುಗಿಸಿದರು. ನಲ್ಲಿ ಮುದುಕನ ಹಾಗೆ ಕೆಮ್ಮಿ ಒಂದು ಇರುವೆಯನ್ನು ಉಗುಳಿತು, ಅಷ್ಟೆ. ಮರುದಿನ ಚರ್ಚಿನಲ್ಲಿ ಮಗಳು ಮೊದಲ ಸಲ ಪರಮಪ್ರಸಾದ ಸ್ವೀಕರಿಸುವ ಹಬ್ಬ. ಅರವತ್ತು ಮಂದಿಗೆ ಊಟಕ್ಕೆ ಹೇಳಿಯಾಗಿದೆ.

"ಬಂದ ಜನ ಕೈ ಎಲ್ಲಿ ತೊಳೀತಾರೆ? ನಿಮ್ಮ ಇತಿಹಾಸದ ಪಾಠದಲ್ಲಾ?" ಎಂದಳು ಹೆಂಡತಿ ಗ್ರಾಸಿಯೆನ್.

ನೀರಿಗೇನು ಬರವಿರಲಿಲ್ಲ. ಊರ ಹಿಂದಿನ ಅಗ್ನಿಪರ್ವತದ ನೆತ್ತಿ ವರ್ಷವಿಡೀ ಮೋಡದಲ್ಲಿ ನೆನೆಯುತ್ತದೆ. ಅಲ್ಲಿಂದ ಇಳಿಯುವ ದಪ್ಪ ಕೊಳವೆ ಮೇಷ್ಟರ ಅಂಗಳದ ಪಕ್ಕದಲ್ಲೇ ಹಾದು, ಒಡೆದಲ್ಲೆಲ್ಲ ಕಾಡಿಗೆ ಕುಡಿಸಿ, ಉಳಿದದ್ದನ್ನು ಹೋಟೆಲುಗಳ ಈಜುಕೊಳಕ್ಕೆ ಸುರಿಯುತ್ತದೆ. ಊರಿನ ಪಾಲಿಗೆ ಗಾಳಿ. ಕಬ್ಬಿನ ಕಾಲದಲ್ಲಿ ಊರವರ ಬೆವರು ಒಯ್ದರು, ಈಗ ನೀರು ಒಯ್ಯುತ್ತಾರೆ.

ದೂರು ಕೊಡೋಣವೆಂದರೆ, ಫ್ರಾನ್ಸಿಗೆ ಸೇರಿದ ಗ್ವಾಡಲೂಪ್ ಎಂಬ ಈ ಒಂದೇ ಪುಟ್ಟ ನಾಡಿಗೆ ಜಿಲ್ಲೆಯೆಂದು ಒಂದು ಸಭೆ, ಪ್ರಾಂತ್ಯವೆಂದು ಇನ್ನೊಂದು. ಎರಡರ ನೆತ್ತಿಯ ಮೇಲೂ ಪ್ಯಾರಿಸ್ಸಿನಿಂದ ಇಳಿದ ಸಾಹೇಬ. ಎಲ್ಲರೂ ಪಕ್ಕದ ಬಾಗಿಲು ತೋರಿಸುವವರೇ. ಶಂಖದಿಂದ ಬಿದ್ದರೇ ತೀರ್ಥ ಎನ್ನುವ ಪೈಕಿ.

"ಹಾಗಾದ್ರೆ ಶಂಖಾನೇ ಊದ್ತೀನಿ," ಎಂದು ಮೇಷ್ಟ್ರು ಹಲ್ಲು ಕಡಿದರು.

ಅಂದು ಸಾಹೇಬ ಹೊಸ ದೋಣಿಕಟ್ಟೆ ನೋಡಲು ಬರುವವನಿದ್ದ. ಗುಲಾಮಗಿರಿಯ ದಿನಗಳಲ್ಲಿ ಬೆಟ್ಟದ ಮೇಲೆ ಶಂಖ ಮೊಳಗಿದರೆ ಕಬ್ಬಿನ ಗದ್ದೆಗಳಿಂದ ಜನ ಮಚ್ಚು ಹಿಡಿದು ಏಳುತ್ತಿದ್ದರೆಂದು ಮಕ್ಕಳಿಗೆ ಪಾಠ ಹೇಳಿದವರು ಮೇಷ್ಟ್ರು. ಮೀನು ಮಾರುವ ಇಯಾಸೆಂತನ ಜಗುಲಿಯಿಂದ ಶಂಖ ಎತ್ತಿಕೊಂಡು ಕಟ್ಟೆಗೆ ನಡೆದರು. ತಿರುವಿನಲ್ಲಿ ಸಾಹೇಬನ ಕಾರು ಕಂಡದ್ದೇ ತಡ, ಕೆನ್ನೆ ಬಲೂನಾಗುವಂತೆ ಊದಿದರು.

ಊರು ಎದ್ದಿತು. ಬಾಗಿಲು ಬಾಗಿಲಿನಿಂದ ಜನ ಓಡಿಬಂದರು. ಮೇಷ್ಟರ ಕಣ್ಣು ತುಂಬಿತು. ಒರೆಸಿಕೊಂಡು ನೋಡಿದರೆ ಎಲ್ಲರ ಕೈಯಲ್ಲೂ ಬೋಗುಣಿ, ಬಕೆಟ್ಟು.

"ಕೆಂಪು ಮೀನಾ, ಮೇಷ್ಟ್ರೇ?" ಎಲ್ಲರಿಗಿಂತ ಮುಂದೆ ನುಗ್ಗಿದ್ದ ಮುದುಕಿ ಒಝೇಲಿ ಕೇಳಿದಳು.

"ಮೀನಲ್ಲಮ್ಮ, ಇದು ದಂಗೆ."

"ಕಿಲೋಗೆ ಎಷ್ಟು?"

ದೋಣಿಯಲ್ಲಿ ಮೀನು ಬಂದಾಗ ಮಾತ್ರ ಈಗ ಊರಲ್ಲಿ ಶಂಖ ಊದುತ್ತಾರೆ. ಮೇಷ್ಟರಿಗೆ ಅದು ಗೊತ್ತಿಲ್ಲದ್ದಲ್ಲ, ಸಿಟ್ಟಿನ ಭರದಲ್ಲಿ ಮರೆತಿತ್ತು.

ಇಯಾಸೆಂತ್ ಖಾಲಿ ಮೀನಿನ ಪೆಟ್ಟಿಗೆ ಹೊತ್ತು ಏದುಸಿರು ಬಿಡುತ್ತ ಬಂದ. "ಮೀನಿಲ್ದೆ ನನ್ನ ಶಂಖ ಊದಿದ್ರೆ ನಾಳೆ ನನ್ನನ್ನ ಯಾರು ನಂಬ್ತಾರೆ? ನಿಮ್ಮ ಪಾಠ ಶಾಲೇಲಿ ಇಟ್ಕೊಳ್ಳಿ."

"ಮಾನಗೆಟ್ಟೋರಾ, ನಿಮ್ಮ ಮುತ್ತಜ್ಜಂದಿರು ಈ ಸದ್ದಿಗೆ ಪ್ರಾಣ ಕೊಟ್ರು. ನೀವು ಬೋಗುಣಿ ತಂದ್ರಿ."

"ಅವರಿಗೆ ಮಧ್ಯಾಹ್ನದ ಅಡುಗೆ ಚಿಂತೆ ಇರ್ಲಿಲ್ವೇನೋ," ಎಂದಳು ಒಝೇಲಿ.

ಮೀನಿಲ್ಲವೆಂದು ಖಾತ್ರಿಯಾದ ಮೇಲೆ ಜನ ಖಾಲಿ ಬೋಗುಣಿಗಳನ್ನು ಬಡಿಯುತ್ತ ಮೇಷ್ಟರ ಕುಲವನ್ನೆಲ್ಲ ಜಾಲಾಡತೊಡಗಿದರು. ಅಷ್ಟರಲ್ಲಿ ಸಾಹೇಬ ಕಾರಿನಿಂದ ಇಳಿದ. ಅವನಿಗೆ ಕಂಡದ್ದು ಶಂಖ, ಬರಿದಾದ ಪಾತ್ರೆ, ಊರಿಡೀ ಕೂಗು. ಬಿಳಿ ಮುಖ ಸುಣ್ಣವಾಯಿತು. "ನೀರಿಗೆ ಇಷ್ಟು ಜನಾನಾ?" ಎಂದು ಸಹಾಯಕನ ಕಿವಿಯಲ್ಲಿ ಪಿಸುಗುಟ್ಟಿ ಫೋನು ತಿರುಗಿಸಿದ. ಕಾಗದ ಹಿಡಿದು ನಿಂತವರಿಗೆ ಕಿವುಡಾಗಿದ್ದ ಸರ್ಕಾರಕ್ಕೆ ತಗಡಿನ ಸದ್ದು ಕೇಳಿತ್ತು. ಹೋಟೆಲಿಗೆ ಹೊರಟಿದ್ದ ನೀರಿನ ಟ್ಯಾಂಕರ್ ಅರ್ಧ ದಾರಿಯಿಂದ ಕಟ್ಟೆಗೆ ತಿರುಗಿತು.

ಬೈಗುಳ ಅಲ್ಲಿಗೇ ನಿಂತಿತು. ಬೋಗುಣಿ ತುಂಬಿತು, ಬಕೆಟ್ಟು ತುಂಬಿತು, ಇಯಾಸೆಂತನ ಮೀನಿನ ಪೆಟ್ಟಿಗೆಯೂ ತುಂಬಿತು. ಇಡೀ ಊರಲ್ಲಿ ಪಾತ್ರೆಯಿಲ್ಲದೆ ಬಂದವರು ಒಬ್ಬರೇ, ದಂಗೆ ಎಬ್ಬಿಸಿದವರು.

"ಒಡೆದ ಕೊಳವೆ ಸರಿಮಾಡೋ ತನಕ ಯಾರೂ ಕದಲಬೇಡಿ," ಎಂದು ಮೇಷ್ಟ್ರು ಅಂಗಲಾಚಿದರು.

"ನೀರು ಬಂತಲ್ಲ, ಇನ್ನೇನು ಗಲಾಟೆ ನಿಮ್ದು?" ಎನ್ನುತ್ತ ಒಝೇಲಿ ತುಳುಕುವ ಬೋಗುಣಿಯನ್ನು ತಲೆಗೇರಿಸಿದಳು. ಊರು ಅವಳ ಹಿಂದೆ ಹೊರಟಿತು.

ಸಮಸ್ಯೆ ಬಗೆಹರಿಯಿತೆಂದು ಫೋನಿನಲ್ಲಿ ಹೇಳುತ್ತ ಸಾಹೇಬ ಕಾರು ಹತ್ತಿದ. ಟ್ಯಾಂಕರ್ ಕೊನೆಯ ಹನಿಯನ್ನು ಮಣ್ಣಿಗೆ ತೊಟ್ಟಿಕ್ಕಿಸಿ ಹೊರಟುಹೋಯಿತು.

ಕಟ್ಟೆ ಖಾಲಿಯಾದ ಮೇಲೆ, ತಲೆಯ ಮೇಲೆ ಹಂದಿ ಮುಳುಗುವಷ್ಟು ದೊಡ್ಡ ಬೋಗುಣಿ ಹೊತ್ತು ಗ್ರಾಸಿಯೆನ್ ಓಡೋಡಿ ಬಂದಳು.

"ಶಂಖ ಕೇಳ್ತು ಕಣ್ರೀ. ಅರವತ್ತು ಜನಕ್ಕೆ ನಮ್ಮನೇದು ಸಾಲಲ್ಲ ಅಂತ ಅಕ್ಕನ ಮನೆವರೆಗೂ ಹೋಗಿ ಇದನ್ನ ತಂದೆ," ಎಂದು ಬೆವರು ಒರೆಸಿಕೊಂಡಳು. "ಎಲ್ಲಿ ಮೀನು?"