ಡೆನ್ಮಾರ್ಕಿನ ಒಂದು ವರ್ಷ, ಪಾಂಡವಪುರದ ಒಂದು ವರ್ಷ

ಮಗಳನ್ನು ಒಂದು ವರ್ಷ ಹೊರದೇಶಕ್ಕೆ ಓದಲು ಕಳಿಸಿದೆವು ನೋಡಿ, ಅವತ್ತಿನಿಂದ ನಮ್ಮ ಮನೆಯಲ್ಲಿ ನೆಟ್ಟಗೆ ನಡೆದ ಕೆಲಸ ಒಂದೂ ಇಲ್ಲ. ಕೇಳಿದವರೆಲ್ಲ ನಗುತ್ತಾರೆ. ನಗಲಿ, ಅವರ ಮನೆಯಲ್ಲೇ ಆಗಿದ್ದರೆ ಗೊತ್ತಾಗುತ್ತಿತ್ತು.

ಮಂಡಿಯ ಹೊಲಿಗೆ

ನಾನು ಪಾಂಡವಪುರದ ಬಸ್‌ಸ್ಟ್ಯಾಂಡ್ ಹತ್ತಿರ ಟೈಲರ್ ಅಂಗಡಿ ಇಟ್ಟವಳು. ಇಲ್ಲಿನ ಒಂದು ಪಿಯು ಕಾಲೇಜಿನ ಯೂನಿಫಾರ್ಮ್ ಹೊಲಿಯುವುದು ನಾನೇ. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದಾಗ ಮಂಡ್ಯದ ಒಂದು ಕ್ಲಬ್ಬಿನವರು ವಿದ್ಯಾರ್ಥಿಗಳ ಅದಲುಬದಲಿಗೆ ಅವಳನ್ನು ಆರಿಸಿದರು. ಇವಳು ಡೆನ್ಮಾರ್ಕಿನ ಒಂದು ಮನೆಯಲ್ಲಿದ್ದುಕೊಂಡು ಅಲ್ಲಿಯ ಹೈಸ್ಕೂಲಿಗೆ ಹೋಗುವುದು. ಆ ಮನೆಯ ಹುಡುಗ ನಮ್ಮ ಮನೆಯಲ್ಲಿದ್ದುಕೊಂಡು ಇಲ್ಲಿಯ ಫಸ್ಟ್ ಪಿಯು ಕ್ಲಾಸಿಗೆ ಹೋಗುವುದು.

ಹುಡುಗ ಬಂದಿಳಿದ. ಬಾಗಿಲಿಗೆ ತಲೆ ತಗಲುವಷ್ಟು ಎತ್ತರ. ಕಾಲೇಜಿನವರು ಕೊಟ್ಟ ಪ್ಯಾಂಟ್ ಪೀಸು ಅವನ ಮಂಡಿಗೇ ಮುಗಿದುಹೋಯಿತು. ಇನ್ನೊಂದು ಪೀಸು ಕೊಡಿ ಸಾರ್ ಅಂತ ಪ್ರಿನ್ಸಿಪಾಲರನ್ನು ಕೇಳಿದೆ. "ಒಬ್ಬ ವಿದ್ಯಾರ್ಥಿಗೆ ಒಂದೇ ಪೀಸಮ್ಮ. ಹಾಗಂತ ಅರ್ಧ ಪ್ಯಾಂಟಲ್ಲಿ ಕಳಿಸ್ಬೇಡಿ, ಒಳಗೆ ಬಿಡಲ್ಲ" ಅಂದರು. ಕೊನೆಗೆ ಅಂಗಡಿಯಲ್ಲಿ ಬಿದ್ದಿದ್ದ ತುಂಡು ಬಟ್ಟೆಯನ್ನೇ ಮಂಡಿಯ ಕೆಳಗೆ ಜೋಡಿಸಿ ಹೊಲಿದೆ. ಇಷ್ಟು ವರ್ಷ ಟೈಲರ್ ಆಗಿ ಅಂಥ ದರಿದ್ರ ಪ್ಯಾಂಟು ಹೊಲಿದಿರಲಿಲ್ಲ.

ಮುಂದಿನ ವಾರ ಅದೇ ಕಾಲೇಜಿನ ಮೂವರು ಹುಡುಗರು ಚೆನ್ನಾಗಿದ್ದ ಪ್ಯಾಂಟುಗಳನ್ನು ಹಿಡಿದು ಅಂಗಡಿಗೆ ಬಂದರು. "ಆಂಟಿ, ಮಂಡಿ ತಾವ ಕತ್ತರ್ಸಿ ತಿರ್ಗಾ ಜೋಡ್ಸ್ಕೊಡಿ. ಡೆನ್ಮಾರ್ಕಲ್ಲಿ ಇಂಗೇ ಆಕ್ಕತಾರಂತೆ."

ಕುರ್ಚಿ

ಒಂದು ದಿನ ಮಗಳ ವಿಡಿಯೊ ಕಾಲ್ ಬಂತು. ಕೆ.ಆರ್. ಪೇಟೆಯ ನನ್ನ ನಾದಿನಿಯೂ ಮನೆಯಲ್ಲಿದ್ದಳು. ಮಗಳು ಹಿಗ್ಗಿನಿಂದ ಒಂದು ಮರದ ಕುರ್ಚಿ ತೋರಿಸಿದಳು. ಸ್ಕೂಲಿನಲ್ಲಿ ಅವಳೇ ಮಾಡಿದ್ದಂತೆ, ಅದಕ್ಕೆ ಮಾರ್ಕ್ಸೂ ಇದೆಯಂತೆ. ನಾನು ಭೇಷ್ ಅಂದೆ. ಫೋನ್ ಇಟ್ಟ ಮೇಲೆ ನಾದಿನಿ ಶುರು ಮಾಡಿದಳು.

"ಅಲ್ಲ ಅತ್ಗೆ, ಕುರ್ಚಿ ಮಾಡಕ್ಕೆ ಇಮಾನ ಅತ್ಬೇಕಿತ್ತಾ? ನಾಗಮಂಗ್ಲದಾಗೆ ಮರಗೆಲ್ಸದೋರ ತಾವ ಒಂದ್ವರ್ಸ ಬುಟ್ಟಿದ್ರೆ ಅವಳ ಮದ್ವೆ ಮಂಚಾನೂ ಅವಳೇ ಮಾಡ್ಕತಿದ್ಲು."

ಪಾಸಾಗಿದ್ದೇ ತಪ್ಪು

ವರ್ಷ ಮುಗಿಯಿತು. ಹುಡುಗ ಹೋದ, ಮಗಳು ಬಂದಳು. ಅವಳನ್ನು ನೇರ ಸೆಕೆಂಡ್ ಪಿಯುಗೆ ಸೇರಿಸೋಣ ಅಂತ ಕಾಲೇಜಿಗೆ ಹೋದೆವು. ಪ್ರಿನ್ಸಿಪಾಲರು ಅವಳ ಮಾರ್ಕ್ಸ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಕ್ಲಾಸಿಗೆ ಫಸ್ಟ್ ಯಾರು ಬಂದ್ರು?"

"ಅಲ್ಲಿ ಹೇಳಲ್ಲ ಸಾರ್" ಅಂದಳು ಮಗಳು.

"ಫಸ್ಟ್ ಯಾರು ಅಂತಾನೇ ಗೊತ್ತಿಲ್ಲದ ಮೇಲೆ ನೀನು ಪಾಸು ಅಂತ ಹೇಗೆ ನಂಬೋದು? ಈ ವರ್ಷ ಲೆಕ್ಕಕ್ಕಿಲ್ಲ. ಫಸ್ಟ್ ಪಿಯುಗೆ ಸೇರ್ಕೊ."

ಅವಳ ಗೆಳತಿಯರೆಲ್ಲ ಸೆಕೆಂಡ್ ಪಿಯು. ನಾದಿನಿಯ ಮಗ ಈಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿ ಇದೇ ಕಾಲೇಜಿಗೆ ಸೇರಿದ್ದ, ಇವಳು ಅವನ ಜೊತೆ ಕೂರಬೇಕು. ಇಷ್ಟು ದಿನ ಅಕ್ಕ ಅಕ್ಕ ಅನ್ನುತ್ತಿದ್ದವನು ಅವತ್ತೇ ಹೆಸರು ಹಿಡಿದು ಕೂಗಿದ. ಮಗಳು ರೂಮಿನ ಬಾಗಿಲು ಹಾಕಿಕೊಂಡು ಅತ್ತಳು.

ಬೆಳ್ಳೂರು ಕ್ರಾಸಿನಲ್ಲಿ ಒಬ್ಬ ರಿಟೈರ್ಡ್ ಗುಮಾಸ್ತರಿದ್ದಾರೆ, ಎಂಥ ಅಡ್ಮಿಷನ್ ಆದರೂ ದಾರಿ ಹೇಳುತ್ತಾರೆ ಅಂತ ನಮ್ಮ ಯಜಮಾನರಿಗೆ ಯಾರೋ ಹೇಳಿದರು. ಅಂಗಡಿ ಮುಚ್ಚಿ ಬಸ್ಸು ಹತ್ತಿ ಹೋದೆವು. ಅವರು ಹೋಟೆಲಿನಲ್ಲಿ ನಮ್ಮ ಕೈಯಲ್ಲೇ ಇಡ್ಲಿ ವಡೆ ತರಿಸಿಕೊಂಡು, ಸಮಾಧಾನವಾಗಿ ತಿಂದು, ಕೈ ತೊಳೆದು ಬಂದು ತಲೆ ಅಲ್ಲಾಡಿಸಿದರು.

"ಇಲ್ಲೇ ಓದಿ ಫೇಲಾಗಿದ್ದಿದ್ರೆ ಏನಾರ ಮಾಡ್ಬೋದಿತ್ತು ಕಣಮ್ಮ, ಸಪ್ಲಿಮೆಂಟ್ರಿ ಐತೆ. ಇವಳು ಅಲ್ಲೋಗಿ ಪಾಸಾಗ್ಬುಟ್ಟವಳೆ. ಇದ್ಕೇನ್ ಮಾಡನ?"

ಹೆಮ್ಮೆಯ ವಿದ್ಯಾರ್ಥಿ

ಬೇರೆ ದಾರಿ ಕಾಣದೆ ಮಗಳನ್ನು ಫಸ್ಟ್ ಪಿಯುಗೇ ಸೇರಿಸಿದೆವು. ಅವಳ ಯೂನಿಫಾರ್ಮನ್ನೂ ನಾನೇ ಹೊಲಿದೆ.

ಅದಾಗಿ ಸ್ವಲ್ಪ ದಿನಕ್ಕೆ ಡೆನ್ಮಾರ್ಕಿನ ಹುಡುಗ ಫೋನ್ ಮಾಡಿದ. "ಅಮ್ಮ, ಸೀಟು ಸಿಕ್ತು ಕಣಮ್ಮೋ." ಅವರೂರಿನ ಒಂದು ದೊಡ್ಡ ಕಾಲೇಜಿನವರು, ಹೊರದೇಶದಲ್ಲಿ ಒಂದು ವರ್ಷ ಓದಿದ್ದೀಯಲ್ಲ ಅಂತ ಇವನಿಗೆ ಮೊದಲು ಸೀಟು ಕೊಟ್ಟರಂತೆ. ಓದಿದ್ದು! ವರ್ಷವೆಲ್ಲ ಕೊನೇ ಬೆಂಚಿನಲ್ಲಿ ನಿದ್ದೆ ಮಾಡಿ, ಶ್ರೀರಂಗಪಟ್ಟಣದವರ ಮೇಲೆ ಕಬಡ್ಡಿ ಆಡಿ, ನಮ್ಮತ್ತೆ ಹಾಕಿದ ಮುದ್ದೆ ಉಂಡು ಹೋದವನು. ಆದರೂ ಒಳ್ಳೆಯ ಹುಡುಗ, ಸಂತೋಷವೇ ಆಯಿತು.

ಸುದ್ದಿ ಕಾಲೇಜಿಗೂ ಮುಟ್ಟಿತು. ಮರುದಿನ ಗೇಟಿಗೆ ಒಂದು ಫ್ಲೆಕ್ಸ್ ಬಿತ್ತು. "ವಿದೇಶದ ಕಾಲೇಜಿಗೆ ಆಯ್ಕೆಯಾದ ನಮ್ಮ ಹೆಮ್ಮೆಯ ವಿದ್ಯಾರ್ಥಿ." ಫೋಟೊದಲ್ಲಿ ಹುಡುಗ ಅದೇ ಮಂಡಿ ಹೊಲಿಗೆಯ ಪ್ಯಾಂಟಿನಲ್ಲಿ ನಿಂತಿದ್ದಾನೆ, ಪಕ್ಕದಲ್ಲಿ ಪ್ರಿನ್ಸಿಪಾಲರು ಕೈ ಮುಗಿದಿದ್ದಾರೆ. ನನ್ನ ಮಗಳು ದಿನಾ ಅದರ ಕೆಳಗೇ ಹಾದು ಫಸ್ಟ್ ಪಿಯುಗೆ ಹೋಗಬೇಕು.

ತಡೆಯಲಾಗಲಿಲ್ಲ. ಅಳತೆ ಟೇಪು ಕೊರಳಲ್ಲಿದ್ದ ಹಾಗೇ ಪ್ರಿನ್ಸಿಪಾಲರ ರೂಮಿಗೆ ಹೋದೆ.

"ಸಾರ್, ಅವ್ನು ಇಲ್ಲಿ ಓದಿದ್ ವರ್ಸ ಅಲ್ಲಿ ಲೆಕ್ಕಕ್ಕೆ ಬತ್ತದೆ. ನನ್ ಮಗ್ಳು ಅಲ್ಲಿ ಓದಿದ್ ವರ್ಸ ಇಲ್ಲಿ ಯಾಕ್ ಬರಕಿಲ್ಲ?"

ಪ್ರಿನ್ಸಿಪಾಲರು ಕನ್ನಡಕ ತೆಗೆದು, ಏನೂ ತಿಳಿಯದವರಿಗೆ ಬಿಡಿಸಿ ಹೇಳುವ ಹಾಗೆ ಹೇಳಿದರು.

"ನೋಡಮ್ಮ, ನಮ್ಮದು ಸ್ಟ್ಯಾಂಡರ್ಡ್ ಇರೋ ಕಾಲೇಜು, ಅದಕ್ಕೇ ಅಲ್ಲಿ ಬೆಲೆ ಕೊಟ್ರು. ಅವರದು ಎಂಥಾ ಸ್ಕೂಲೋ, ಪಾಪ, ನಮಗೇನು ಗೊತ್ತು?"