ಷಡ್ಡಕನ ಪಾರ್ಕಿನಲ್ಲಿ ಬಾಯಿಬಿಟ್ಟ ಮ್ಯಾನೇಜರರು

"ಪ್ರಾಣ ಹೋದರೂ ಆ ಪಾರ್ಕಿನೊಳಗೆ ಕಾಲಿಡೋದಿಲ್ಲ! ಬೇಕಾದರೆ ಬರೆದುಕೊಡ್ತೀನಿ!" ಎಂದು ಮ್ಯಾನೇಜರರು ಊಟದ ಮೇಜು ಗುದ್ದಿದರು. ನೀರಿನ ಲೋಟ ಬೆಚ್ಚಿಬಿತ್ತು. ಹೆಂಡತಿ ಬೆಚ್ಚಲಿಲ್ಲ.

"ನಿಮ್ಮನ್ನ ಯಾರು ಕರೆದರು?" ಎಂದಳು.

ಅದೇ ತಾನೇ ಉರಿ! ಊರಿನ ಹಳೆಯ ಮನರಂಜನಾ ಪಾರ್ಕಿಗೆ ಅವರು ಮ್ಯಾನೇಜರ್. ರಸ್ತೆಯಾಚೆ ದೊಡ್ಡ ಕಂಪನಿಯೊಂದು ಅದರ ಹತ್ತರಷ್ಟು ದೊಡ್ಡ ಪಾರ್ಕು ತೆರೆದಿತ್ತು. ತೆರೆಯಲಿ, ಯಾರು ಬೇಡವೆಂದರು? ಆದರೆ ಅದರ ಮ್ಯಾನೇಜರ್ ಹೆಂಡತಿಯ ತಂಗಿಯ ಗಂಡ, ಸಾಕ್ಷಾತ್ ಷಡ್ಡಕ! ಪರರ ಏಳಿಗೆಯನ್ನು ಮನುಷ್ಯ ಹೇಗೋ ಸಹಿಸಿಯಾನು. ಷಡ್ಡಕನ ಏಳಿಗೆ ಸಹಿಸಿದ ಗಂಡಸು ಇನ್ನೂ ಹುಟ್ಟಿಲ್ಲ.

ಪ್ರತಿ ಭಾನುವಾರ ಸಂಜೆ ಷಡ್ಡಕನ ಫೋನು ಬರುತ್ತಿತ್ತು.

"ಭಾವಾ, ನಿಮ್ಮಲ್ಲಿ ಇವತ್ತು ಜನ ಹೇಗೆ? ನಮ್ಮಲ್ಲಂತೂ ಎಳ್ಳು ಹಾಕಿದರೆ ಕೆಳಗೆ ಬೀಳಲ್ಲ!"

"ನಮ್ಮಲ್ಲಿ ಎಳ್ಳು ಹಾಕೋಕೆ ಕೈ ಎತ್ತೋದಕ್ಕೂ ಜಾಗ ಇಲ್ಲಪ್ಪಾ!"

ನಿಜಕ್ಕೂ ಅವರ ಪಾರ್ಕಿಗೆ ಎಳ್ಳುನೀರು ಬಿಡುವ ಕಾಲ ಬಂದಿತ್ತು. ದೊಡ್ಡ ತೊಟ್ಟಿಲಿನಲ್ಲಿ ಕಾಗೆಗಳು ಪುಕ್ಕಟೆ ಸವಾರಿ ಮಾಡುತ್ತಿದ್ದವು. ಭೂತಬಂಗಲೆಯಲ್ಲಿ ದೆವ್ವದ ವೇಷ ಹಾಕುತ್ತಿದ್ದ ನೌಕರ, "ಸಾರ್, ಒಬ್ಬನೇ ಇರೋಕೆ ಭಯವಾಗುತ್ತೆ" ಎಂದು ವರ್ಗಾವಣೆ ಕೇಳಿದ್ದ.

ಗಾಯಕ್ಕೆ ಹೆಂಡತಿ ಉಪ್ಪು ಸವರಿದಳು. "ಅವರಲ್ಲಿ ಹೊಸ ರೋಲರ್ ಕೋಸ್ಟರ್ ಬಂದಿದೆಯಂತೆ ಕಣ್ರೀ. ಆಕಾಶ ಮುಟ್ಟಿ ಬರುತ್ತಂತೆ!"

"ಆಕಾಶಕ್ಕೆ ಹೋದೋರು ಯಾರೂ ವಾಪಸ್ ಬಂದಿಲ್ಲ ಬಿಡೇ!"

ಆದರೆ ಹೊಟ್ಟೆಯಲ್ಲಿ ಕಿಚ್ಚಿದ್ದರೆ ಪ್ರತಿಜ್ಞೆ ಎಷ್ಟು ದಿನ ಬೇಯದೆ ಉಳಿದೀತು? ಒಂದು ದಿನ "ಮೀಟಿಂಗಿದೆ" ಎಂದು ಮನೆಯಲ್ಲಿ ಸುಳ್ಳು ಹೇಳಿ, ಕಪ್ಪು ಕನ್ನಡಕ, ಕಿವಿ ಮುಚ್ಚುವ ಟೋಪಿ ಧರಿಸಿ, ಮ್ಯಾನೇಜರರು ಶತ್ರುವಿನ ಬಲಾಬಲ ಅಳೆಯಲು ಹೊರಟೇಬಿಟ್ಟರು!

ಒಳಗೆ ಎಲ್ಲಿ ನೋಡಿದರೂ ತಲೆಗಳು! ಎಣಿಸಿದಷ್ಟೂ ಹೊಟ್ಟೆ ಉರಿಯಿತು. ಇವರಿಗೆಲ್ಲ ಮನೆಮಠ ಇಲ್ಲವೇ? ಎಣಿಸುತ್ತ ಎಣಿಸುತ್ತ ಯಾವುದೋ ಸಾಲಿಗೆ ಸೇರಿಹೋದರು. "ಮುಂದೆ ನಡೀರಿ ಸಾರ್!" ಎಂದು ಹಿಂದಿನವರು ತಳ್ಳಿದ ರಭಸಕ್ಕೆ ಹೋಗಿ ಕೂತದ್ದು ರೋಲರ್ ಕೋಸ್ಟರಿನ ಮೊದಲ ಸಾಲಿನಲ್ಲಿ! ಎದೆಯ ಮೇಲೆ ಕಬ್ಬಿಣದ ಪಟ್ಟಿ ಖಟಕ್ಕೆಂದು ಇಳಿಯಿತು.

"ಅಯ್ಯೋ, ನಾನು ಬರೀ ಎಣಿಸೋಕೆ ಬಂದೋನು!"

"ಹೆದರ್ಬೇಡಪ್ಪಾ, ನನ್ನ ಕೈ ಹಿಡ್ಕೋ," ಎಂದಳು ಪಕ್ಕದಲ್ಲಿ ಕೂತಿದ್ದ ಅಜ್ಜಿ. "ನಾನು ಆಗಲೇ ಒಂದು ಸುತ್ತು ಹೋಗಿಬಂದೆ."

ಗಾಡಿ ಮೇಲೇರಿತು. ತುದಿಯಿಂದ ನೋಡಿದರೆ ರಸ್ತೆಯಾಚೆ ಅವರ ಪಾರ್ಕು, ಬಸ್ಸಿನಲ್ಲಿ ಯಾರೋ ಮರೆತುಹೋದ ಛತ್ರಿಯ ಹಾಗೆ ಬಿದ್ದಿತ್ತು. ಮ್ಯಾನೇಜರರಿಗೆ ಅಳು ಉಕ್ಕಿತು. ಅಷ್ಟರಲ್ಲಿ ಗಾಡಿ ಧುಮುಕಿತು! ಟೋಪಿ ಹಾರಿತು. ಕನ್ನಡಕ ಹಾರಿತು. ಹೊಟ್ಟೆ ಗಂಟಲಿಗೆ ಬಂತು. ಅದರೊಳಗಿನ ಕಿಚ್ಚೂ ಗಾಳಿಪಾಲಾಯಿತು! ಅಜ್ಜಿಯ ಕೈ ಗಟ್ಟಿಯಾಗಿ ಹಿಡಿದು ಅವರು ಗಹಗಹಿಸಿ ನಕ್ಕರು. ಗಾಡಿ ನಿಂತಾಗ ಇಳಿಯಲೊಲ್ಲದೆ "ಇನ್ನೊಂದ್ಸಲ!" ಎಂದು ಕೂಗಿದರು.

ತಿರುವಿನಲ್ಲೊಂದು ಕ್ಯಾಮೆರಾ ಇತ್ತೆಂದು ಅವರಿಗೆ ತಿಳಿದದ್ದು ಕೆಲವು ದಿನಗಳ ಬಳಿಕ, ಅವರದೇ ಗೇಟಿನ ಎದುರು ಮನೆಯೆತ್ತರದ ಜಾಹೀರಾತು ಫಲಕ ಎದ್ದುನಿಂತಾಗ. ಫಲಕದ ತುಂಬ ಅವರದೇ ಮುಖ! ದವಡೆ ಹಲ್ಲು ಕಾಣುವಷ್ಟು ತೆರೆದ ಬಾಯಿ! ಕೆಳಗೆ, "ಮನಸಾರೆ ನಗಬೇಕೇ? ಇತ್ತ ಬನ್ನಿ!"

ಪಾರ್ಕಿನ ಮಾಲೀಕರು ಕಾರಿನಿಂದ ಇಳಿದವರೇ ಸಿಡಿದರು. "ನೋಡ್ರೀ ಮ್ಯಾನೇಜರ್ರೇ, ನಗು ಅಂದ್ರೆ ಅದು! ನಮ್ಮಲ್ಲಿ ಒಬ್ಬನಾದ್ರೂ ಹಾಗೆ ನಕ್ಕಿದ್ದಾನೇನ್ರೀ?"

ಮಾಲೀಕರು ಒಮ್ಮೆ ಫಲಕ ನೋಡಿದರು, ಒಮ್ಮೆ ಇವರ ಮುಖ ನೋಡಿದರು.

"ಆ ಮನುಷ್ಯ ಯಾರು ಅಂತ ಪತ್ತೆಹಚ್ಚಿ. ಎಷ್ಟು ಖುಷಿಯಾಗಿದ್ದಾನೆ! ನಿಮ್ಮಂಥೋರ ಬದಲು ಅಂಥೋರು ಗೇಟಲ್ಲಿ ನಿಂತಿರಬೇಕು!" ಎಂದು ಒಳಗೆ ನಡೆದರು.

ಕೆಲಸ ಉಳಿಯಿತು, ಮಾನ ಹೋಯಿತು.

ಮಾಲೀಕರಿಗೆ ಸಿಗದ ಗುರುತು ಹೆಂಡತಿಗೆ ಸಿಗದೇ ಇದ್ದೀತೇ? ಮ್ಯಾನೇಜರರು ಊಟಕ್ಕೆ ಕೂತೊಡನೆ, ತಂಗಿ ಕಳಿಸಿದ್ದ ಆ ಕ್ಯಾಮೆರಾದ ಪೂರ್ತಿ ಫೋಟೋವನ್ನು ಅವರ ಮೂಗಿಗೆ ಹಿಡಿದಳು.

"ಯಾರ್ರೀ ಇದು?"

"ಯಾ... ಯಾರೋ ನನ್ನ ಹಾಗೇ ಇದ್ದಾನೆ."

"ನಿಮ್ಮ ಬಗ್ಗೆ ಕೇಳಲಿಲ್ಲ. ಪಕ್ಕದಲ್ಲಿರೋಳು ಯಾರು? ಎಷ್ಟು ಗಟ್ಟಿಯಾಗಿ ಕೈ ಹಿಡ್ಕೊಂಡಿದೀರಿ! ನನ್ನ ಕೈ ಹಾಗೆ ಹಿಡಿದದ್ದು ಯಾವತ್ತು ಹೇಳಿ?"

"ಅಯ್ಯೋ, ಅದು ಅಜ್ಜಿ ಕಣೇ! ಅಜ್ಜಿ ಮೇಲೂ ಹೊಟ್ಟೆಕಿಚ್ಚಾ?"

"ಪಾರ್ಕಿನ ಮೇಲೆ ನಿಮಗಿರಬಹುದು, ಅಜ್ಜಿ ಮೇಲೆ ನನಗಿರಬಾರದಾ?"

ಹೆಂಡತಿ ಅಲ್ಲೇ ತಂಗಿಗೆ ಫೋನ್ ಹಚ್ಚಿದಳು. "ನಿಮ್ಮನೆಯವರಿಗೆ ಹೇಳೇ, ಈ ಭಾನುವಾರ ನಾವಿಬ್ಬರೂ ನಿಮ್ಮ ಪಾರ್ಕಿಗೆ ಬರ್ತಿದ್ದೀವಿ. ನಿನ್ನ ಭಾವನ ಪಕ್ಕದ ಸೀಟು ನನಗೇ ಇರಲಿ. ಯಾವ ಅಜ್ಜಿಗೂ ಕೊಡಬಾರದು!"

ಮ್ಯಾನೇಜರರು ತಟ್ಟೆಯಿಂದ ತಲೆ ಎತ್ತಲಿಲ್ಲ. ಸಣ್ಣ ದನಿಯಲ್ಲಿ ಅಂದರು:

"ಮೊದಲನೇ ಸಾಲಿನಲ್ಲೇ ಕೊಡೋಕೆ ಹೇಳು. ಅಲ್ಲೇ ಮಜಾ ಜಾಸ್ತಿ."