ಹತ್ತರ ಬಸ್ಸು ಕಂಪ್ಯೂಟರಿನೊಳಗೆ ಹೊರಟಿತು

ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವನಿಗೆ ಒಂದು ಕಂಪ್ಯೂಟರ್ ಜೋಡಿಸುವುದು ಯಾವ ದೊಡ್ಡ ಕೆಲಸ? ಹೀಗೆಂದು ನಾನು ಅಂದುಕೊಂಡದ್ದು ಒಂದು ಸೋಮವಾರ. ಅಂದುಕೊಂಡದ್ದು ತಪ್ಪು ಎಂದು ತಿಳಿದದ್ದು ಅದೇ ವಾರದ ಭಾನುವಾರ. ನಡುವೆ ಏನೇನು ನಡೆಯಿತು ಎಂಬುದನ್ನು ನನ್ನ ಹೆಂಡತಿ ಶಾಂತವ್ವ ಈಗಾಗಲೇ ಹಾನಗಲ್ಲಿನ ಅರ್ಧ ಊರಿಗೆ ಹೇಳಿ ಮುಗಿಸಿದ್ದಾಳೆ. ಉಳಿದ ಅರ್ಧ ಊರಿಗಾಗಿ ನಾನು ಬರೆಯುತ್ತಿದ್ದೇನೆ.

ಮೊದಲು ನನ್ನ ಆಸೆಯ ಮಾತು. ನಿವೃತ್ತಿಗೆ ಇನ್ನೂ ಎರಡು ವರ್ಷ ಇರುವಾಗ ಕಣ್ಣಿನ ತಪಾಸಣೆಯಲ್ಲಿ ಫೇಲಾದೆ. ಎದುರಿನದು ಸ್ಪಷ್ಟ, ದೂರದ್ದು ಮಬ್ಬು. ಮರುದಿನದಿಂದಲೇ ನನ್ನನ್ನು ಸ್ಟೀರಿಂಗಿನಿಂದ ಇಳಿಸಿ ಡಿಪೋ ಗೇಟಿನಲ್ಲಿ ಕೂರಿಸಿದರು, ಹೋಗುವ ಬರುವ ಬಸ್ಸುಗಳ ನಂಬರು ಬರೆಯಲು. ಹಿಂದಿನ ದಿನ ಬೆಳಗಿನ ಹತ್ತರ ಬಸ್ಸನ್ನು ಬಂಕಾಪುರ, ಶಿಗ್ಗಾವಿ ಮೇಲೆ ಹುಬ್ಬಳ್ಳಿಗೆ ಓಡಿಸಿ ಬಂದದ್ದೇ ನನ್ನ ಕೊನೆಯ ಟ್ರಿಪ್ ಎಂದು ನನಗೆ ಯಾರೂ ಹೇಳಿರಲಿಲ್ಲ. ಗೊತ್ತಿದ್ದರೆ ಅವತ್ತು ಸ್ವಲ್ಪ ಸಾವಕಾಶ ಓಡಿಸುತ್ತಿದ್ದೆ. ಇಳಿಯುವಾಗ ಸ್ಟೀರಿಂಗ್ ಮುಟ್ಟಿ ಒಂದು ನಮಸ್ಕಾರವನ್ನಾದರೂ ಮಾಡುತ್ತಿದ್ದೆ. ನಿವೃತ್ತಿಯಾಗಿ ಮೂರು ವರ್ಷವಾದರೂ ಆ ಕೊರಗು ಎದೆಯಲ್ಲೇ ಉಳಿದಿತ್ತು.

ಅವತ್ತು ಸೋಮವಾರ ನಾನು ಸವಣೂರಿಗೆ ಹೋಗಿದ್ದೆ. ಹದಿನೆಂಟು ವರ್ಷ ನನ್ನ ಜೊತೆ ಕಂಡಕ್ಟರ್ ಆಗಿದ್ದ ಇಮಾಮಸಾಬನ ಊರು ಅದು. ಅವನ ಮಗಳು ಶಬಾನಾ ಅಲ್ಲಿ ಕಂಪ್ಯೂಟರ್ ಅಂಗಡಿ ನಡೆಸುತ್ತಾಳೆ. ಅವಳು ಪರದೆಯ ಮೇಲೆ ಒಂದು ಆಟ ತೋರಿಸಿದಳು. ಥೇಟ್ ನಮ್ಮದೇ ಕೆಂಪು ಬಸ್ಸು! ಅದೇ ಮುಂದಿನ ಗಾಜು, ಅದೇ ಗೇರಿನ ಕೋಲು.

"ಕಾಕಾ, ನೀವೂ ಓಡಸಬಹುದ್ರಿ. ಇದಕ್ಕ ಕಣ್ಣಿನ ತಪಾಸಣಿ ಇಲ್ಲ," ಎಂದಳು.

ನಾನು ಪರದೆಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡೆ. ಇಮಾಮಸಾಬ ನನ್ನ ಮುಖ ನೋಡಿ ತಾನೇ ಮಾತು ಮುಗಿಸಿದ. "ಡ್ರೈವರ್ ಸಾಹೇಬ್ರ, ಐತವಾರ ಹತ್ತಕ್ಕ ನಿಮ್ಮ ಮನಿಗೆ ಬರ್ತೇನಿ. ನಮ್ಮ ಹತ್ತರ ಬಸ್ಸು ಇನ್ನೊಮ್ಮೆ ಬಿಡೂಣು. ರೈಟ್ ಹೇಳಾಂವ ನಾನ!"

ಆಟಕ್ಕೆ ತಕ್ಕ ಕಂಪ್ಯೂಟರಿನ ಭಾಗಗಳನ್ನು ಆರಿಸುವ ಘನಕಾರ್ಯ ಅಲ್ಲೇ ಆರಂಭವಾಯಿತು. ನನ್ನ ಬಜೆಟ್ಟು ಕೇಳಿ ಶಬಾನಾ ಹೇಳಿದಳು, "ರೊಕ್ಕ ಕಡಿಮಿ ಅದಾವ್ರಿ ಕಾಕಾ. ಅದಕ್ಕ ಇದ್ದಿದ್ದನ್ನ ಗ್ರಾಫಿಕ್ಸ್ ಕಾರ್ಡಿಗೆ ಹಾಕ್ರಿ. ಚಿತ್ರಾ ಓಡಸೂದು ಅದ. ಎಂಜಿನ್ ಇದ್ದಂಗ. ಹೊರಗಿನ ಡಬ್ಬಿ ಹೆಂಗರ ಇರ್ಲಿ."

ಮಾತು ಅರ್ಥವಾಯಿತು. ಆದರೆ ಅಷ್ಟರಲ್ಲಿ ನನ್ನ ಕಣ್ಣು ಮೂಲೆಯ ಒಂದು ಡಬ್ಬಿಯ ಮೇಲೆ ಬಿದ್ದಿತ್ತು. ಪಕ್ಕಕ್ಕೆ ಗಾಜು, ಒಳಗೆ ನಾಲ್ಕು ಫ್ಯಾನು, ನಾಲ್ಕಕ್ಕೂ ಬಣ್ಣದ ದೀಪ. ಹೊಸ ಲಕ್ಸುರಿ ಬಸ್ಸು ಸ್ಟ್ಯಾಂಡಿಗೆ ಬಂದು ನಿಂತ ಹಾಗಿತ್ತು.

"ಇದು ಇರ್ಲೆವಾ. ಕಾರ್ಡು ಒಂದು ಮೆಟ್ಟಲಾ ಕೆಳಗಿಂದು ಹಾಕು," ಎಂದೆ.

ಆಮೇಲೆ ಪೆಡಲ್ ಸಮೇತ ಸ್ಟೀರಿಂಗ್ ಕಂಡಿತು. ಸ್ಟೀರಿಂಗ್ ಇಲ್ಲದ ಡ್ರೈವರನೆ? ಕಾರ್ಡು ಇನ್ನೊಂದು ಮೆಟ್ಟಿಲು ಇಳಿಯಿತು. ಪ್ರೊಸೆಸರಿನ ಮೇಲೆ ಕೂರಿಸುವ ಫ್ಯಾನಿಗೂ ದೀಪ ಬೇಕೆನಿಸಿತು. ಮತ್ತೊಂದು ಮೆಟ್ಟಿಲು. ಹಾರ್ನು ಓಣಿಗೆಲ್ಲ ಕೇಳಬೇಕಲ್ಲ ಎಂದು ದೊಡ್ಡ ಸ್ಪೀಕರ್ ಕಡೆ ಕೈ ತೋರಿಸಿದಾಗ ಶಬಾನಾ ಪೆನ್ನು ಕೆಳಗಿಟ್ಟಳು.

"ಕಾಕಾ, ಇನ್ನ ಕೆಳಗ ಮೆಟ್ಟಲಾ ಇಲ್ರಿ!"

ಆದರೂ ಸ್ಪೀಕರ್ ತಂದೆ. "ಎಲ್ಲಾ ಜೋಡಿಸಿ ಕೊಡ್ತೇನಿ" ಎಂದು ಅವಳು ಹೇಳಿದ್ದಕ್ಕೂ ಒಪ್ಪಲಿಲ್ಲ. "ಬ್ಯಾಡವಾ. ದುಂಡಸಿ ಹತ್ರ ಸುರಿಯೂ ಮಳ್ಯಾಗ ಕ್ಲಚ್ ಪ್ಲೇಟ್ ಬಿಚ್ಚಿ ಹಾಕಿದ ಕೈ ಇದು," ಎಂದು ಕೈ ಎತ್ತಿ ತೋರಿಸಿದೆ. ನಿಜ ಹೇಳಬೇಕೆಂದರೆ ಬಿಚ್ಚಿ ಹಾಕಿದವನು ಮೆಕ್ಯಾನಿಕ್. ಆ ಕೈ ಅವನಿಗೆ ಬ್ಯಾಟರಿ ಬೆಳಕು ಹಿಡಿದಿತ್ತು. ಆದರೆ ಅದನ್ನೆಲ್ಲ ಹೇಳುವ ಸಂದರ್ಭ ಅದಲ್ಲ!

ಶಬಾನಾ ಆಟವನ್ನು ಡಿಸ್ಕಿಗೆ ಹಾಕಿ, ಪ್ರೊಸೆಸರನ್ನು ಮಾತ್ರ ತಾನೇ ಮದರ್‌ಬೋರ್ಡಿನಲ್ಲಿ ಕೂರಿಸಿ, ಒಂದು ಸಣ್ಣ ಟ್ಯೂಬ್ ಕೈಗಿಟ್ಟಳು. ಒಳಗೆ ಬಿಳಿ ಪೇಸ್ಟು. "ಫ್ಯಾನ್ ಕೂಡಸೂಕಿಂತ ಮೊದಲ ಇದನ್ನ ಪ್ರೊಸೆಸರ್ ಮ್ಯಾಲ ಅಕ್ಕಿಕಾಳಷ್ಟು ಹಚ್ರಿ. ಅದರ ಬಿಸಿನ್ನ ಫ್ಯಾನಿಗೆ ಮುಟ್ಟಸೂದು ಇದ. ಹಚ್ಚಲಿಲ್ಲಂದ್ರ ಕಾದು ಬಂದ್ ಬೀಳ್ತೈತಿ. ಮರೀಬ್ಯಾಡ್ರಿ."

ಮರೆಯಲು ನಾನೇನು ಹುಡುಗನೆ?

ಶನಿವಾರ ಪಡಸಾಲೆಯಲ್ಲಿ ಚಾಪೆ ಹಾಸಿ ಎಲ್ಲ ಭಾಗಗಳನ್ನೂ ಹರಡಿದೆ. ಶಾಂತವ್ವನನ್ನು ಕರೆದು ಒಂದೊಂದರ ಪರಿಚಯ ಮಾಡಿಸಿದೆ. ಇದು ನೆನಪು, ಇದು ಕರೆಂಟು, ಇದು ಪ್ರೊಸೆಸರ್, ಅಂದರೆ ಮಿದುಳು. ಅವಳು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು, "ಪೂಜಿ ಯಾವಾಗ್ರಿ?"

ಅದೂ ಸರಿಯೇ. ಹೊಸ ಗಾಡಿಯನ್ನು ಪೂಜೆ ಇಲ್ಲದೆ ರಸ್ತೆಗೆ ಇಳಿಸುವ ಪದ್ಧತಿ ನಮ್ಮಲ್ಲಿಲ್ಲ. ನಾನು ತೆಂಗಿನಕಾಯಿ ತರಲು ಪೇಟೆಗೆ ಹೋದೆ. ಗಾಲಿಯ ಕೆಳಗೆ ಇಡಲು ನಾಲ್ಕು ನಿಂಬೆಹಣ್ಣೂ ತಂದೆ. ಗಾಲಿ ಇಲ್ಲ ಎಂಬುದು ನೆನಪಾದದ್ದು ಮನೆಗೆ ಬಂದ ಮೇಲೆ. ಅವು ಉಪ್ಪಿನಕಾಯಿಗೆ ಹೋದವು.

ಅಷ್ಟರಲ್ಲಿ ಶಾಂತವ್ವ ಪೂಜೆ ಮುಗಿಸಿದ್ದಳು. ಗಾಜಿನ ಡಬ್ಬಿಗೆ ಕುಂಕುಮ, ಮದರ್‌ಬೋರ್ಡಿನ ತುಂಬ ಹೂವು, ಮನೆಯೆಲ್ಲ ಊದಿನಕಡ್ಡಿಯ ಹೊಗೆ. ಕಾಯಿಯನ್ನು ಹೊಸ್ತಿಲಿಗೆ ಒಡೆದು ಕೆಲಸಕ್ಕೆ ಕೂತೆ. ಹೂವು ಸರಿಸಿ ನೋಡಿದರೆ ಪ್ರೊಸೆಸರಿನ ಮೇಲೆ ಆಗಲೇ ಬಿಳಿಯದೇನೋ ಹಚ್ಚಿದೆ. ನನಗೆ ಶಬಾನಾಳ ಮೇಲೆ ಅಭಿಮಾನ ಉಕ್ಕಿ ಬಂತು. ಎಂಥ ಜವಾಬ್ದಾರಿಯ ಹುಡುಗಿ! ಮುದುಕ ಮರೆತಾನು ಎಂದು ಪೇಸ್ಟು ತಾನೇ ಹಚ್ಚಿ ಕಳಿಸಿದ್ದಾಳೆ. ಹಾಗಾದರೆ ಈ ಟ್ಯೂಬು? ಸ್ಟೆಪ್ನಿ ಇರಬೇಕು.

ಫ್ಯಾನು ಕೂರಿಸಿದೆ. ಸ್ಕ್ರೂ ಬಿಗಿದೆ. ಮದರ್‌ಬೋರ್ಡಿನ ಪುಸ್ತಕದ ಚಿತ್ರ ನೋಡುತ್ತ ವೈರುಗಳನ್ನು ಸಿಕ್ಕಿಸಿದೆ. ಸಂಜೆಗೆ ಗುಂಡಿ ಒತ್ತಿದರೆ ಐದೂ ಫ್ಯಾನು ತಿರುಗಿದವು, ದೀಪ ಹತ್ತಿದವು! ಶಾಂತವ್ವ ಕೈ ಮುಗಿದಳು. ನಾನು ತಕ್ಷಣ ಆರಿಸಿದೆ. ಹೊಸ ಗಾಡಿ, ಮೊದಲ ಟ್ರಿಪ್ಪಿಗೆ ಮುಂಚೆ ಓಡಿಸಿ ದಣಿಸಬಾರದು. ಇನ್ನು ಆ ಟ್ಯೂಬು. ಡಿಪೋದಲ್ಲಿ ಬೆಳೆದ ಜೀವ ಗ್ರೀಸನ್ನು ಹಾಳು ಮಾಡುವುದಿಲ್ಲ. ನಮ್ಮ ಗೇಟು ವರ್ಷದಿಂದ ಕಿರ್ ಎನ್ನುತ್ತಿತ್ತು. ಇಡೀ ಟ್ಯೂಬನ್ನು ಅದರ ಬಿಜಾಗರಿಗೆ ಹಿಂಡಿದೆ.

ಭಾನುವಾರ ಹತ್ತಕ್ಕೆ ಐದು ನಿಮಿಷ ಇರುವಾಗ ಗೇಟು ಸದ್ದಿಲ್ಲದೆ ತೆರೆದುಕೊಂಡಿತು. ಇಮಾಮಸಾಬ ಹಳೆಯ ಖಾಕಿ ಅಂಗಿ ಹಾಕಿಕೊಂಡು, ಹೆಗಲಿಗೆ ಚರ್ಮದ ಚೀಲ ಏರಿಸಿ, ಬಾಯಲ್ಲಿ ಸವಣೂರಿನ ವೀಳ್ಯದೆಲೆ ಮೆಲ್ಲುತ್ತ ಬಂದ. ಹಿಂದೆ ಶಬಾನಾ. ಶಾಂತವ್ವ ಹೊಸ ಸೀರೆ ಉಟ್ಟು, ರೊಟ್ಟಿಬುತ್ತಿ ಕಟ್ಟಿಕೊಂಡು ನನ್ನ ಹಿಂದಿನ ಕುರ್ಚಿಯಲ್ಲಿ ಕೂತಳು. ಅವಳು ನನ್ನ ಬಸ್ಸಿನಲ್ಲಿ ಹುಬ್ಬಳ್ಳಿಯವರೆಗೆ ಬಂದದ್ದು ಎರಡೇ ಸಲ, ಎರಡೂ ಸಲ ನಿಂತುಕೊಂಡು. ಅವಳಿಗೆ ಸೀಟು ಸಿಕ್ಕಿದ್ದು ನೋಡಿ ನನಗೆ ಕಣ್ಣು ತುಂಬಿತು.

ಸರಿಯಾಗಿ ಹತ್ತು. ಪರದೆಯ ಮೇಲೆ ಕೆಂಪು ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿತ್ತು. "ರೈಟ್!" ಎಂದ ಇಮಾಮಸಾಬ.

ಪೆಡಲ್ ಒತ್ತಿದೆ. ಪರದೆ ಕಪ್ಪಾಯಿತು.

ಮತ್ತೆ ಚಾಲೂ ಮಾಡಿದೆ. "ರೈಟ್!" ಮತ್ತೆ ಕಪ್ಪು. ಮೂರನೆಯ ಸಲ ಬಸ್ಸು ಕಾಣುವ ಮೊದಲೇ ಎಲ್ಲ ಆರಿತು. ಇಮಾಮಸಾಬನ ಬಾಯಲ್ಲಿ "ರೈ" ಬಂದದ್ದು ಅಲ್ಲೇ ಉಳಿಯಿತು.

ಶಬಾನಾ ಡಬ್ಬಿ ಮುಟ್ಟಿ ನೋಡಿ, ಬಿಚ್ಚಿ, ಫ್ಯಾನು ಎತ್ತಿದಳು.

"ಕಾಕಾ, ಇದೇನ್ರಿ?"

ಪ್ರೊಸೆಸರಿನ ಮೇಲೆ ಅಚ್ಚುಕಟ್ಟಾಗಿ ಮೂರು ಬೆರಳಿನ ವಿಭೂತಿ!

ಎಲ್ಲರೂ ಶಾಂತವ್ವನ ಕಡೆ ತಿರುಗಿದೆವು. ಅವಳು ಸ್ವಲ್ಪವೂ ಅಂಜಲಿಲ್ಲ. "ಯಾಕ? ಇದು ಮಿದುಳು ಅಂತ ನೀವ ಹೇಳಿದ್ರಿ. ಮಿದುಳು ಇದ್ದಲ್ಲೆ ಹಣಿ ಇರ್ತೈತಿ. ಹಣಿ ಅಂದ ಮ್ಯಾಲ ವಿಭೂತಿ ಬ್ಯಾಡೇನ್ರಿ?"

ಈ ವಾದದಲ್ಲಿ ತಪ್ಪು ಹುಡುಕಲು ನಾನು ಇವತ್ತಿಗೂ ಪ್ರಯತ್ನಿಸುತ್ತಿದ್ದೇನೆ. ಸಿಕ್ಕಿಲ್ಲ.

"ಇರ್ಲಿ ಕಾಕಿ," ಎಂದು ಶಬಾನಾ ನಕ್ಕಳು. "ಕಾಕಾ, ನಾ ಕೊಟ್ಟ ಪೇಸ್ಟ್ ತರ್ರಿ, ಹಚ್ಚಿಬಿಡೂಣು."

ನಾನು ಅವಳನ್ನು ಹೊರಗೆ ಕರೆದುಕೊಂಡು ಹೋಗಿ ಬಿಜಾಗರಿ ತೋರಿಸಿದೆ.

"ಗೇಟಿಗೆ ಹಚ್ಚೀರೇನ್ರಿ?"

"ಭಾಳ ಕಿರ್ ಅಂತಿತ್ತವಾ," ಎಂದೆ. ಇಡೀ ಹಾನಗಲ್ಲಿನಲ್ಲಿ ಯಾವ ಕಾಲಕ್ಕೂ ಕಾದು ಬಂದ್ ಬೀಳದ ಗೇಟು ಇದ್ದರೆ ಅದು ನಮ್ಮದೊಂದೇ!

ಹುಡುಗಿ ಒಳಗೆ ಬಂದು ತನ್ನ ಚೀಲದಿಂದ ಇನ್ನೊಂದು ಟ್ಯೂಬು ತೆಗೆದಳು. "ನಮ್ಮ ಅಬ್ಬಾ ಮೊದಲ ಹೇಳಿದ್ರು. ಡ್ರೈವರ್ ಸಾಹೇಬ್ರು ನಾನ ಮಾಡ್ತೇನಿ ಅಂದ್ರ, ಒಂದು ಸ್ಟೆಪ್ನಿ ಇಟ್ಕೊ ಅಂತ."

ಇಮಾಮಸಾಬ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದ.

ಒರೆಸಿ, ಹಚ್ಚಿ, ಬಿಗಿಯುವಷ್ಟರಲ್ಲಿ ಹನ್ನೊಂದಾಯಿತು. ನನ್ನ ಹತ್ತರ ಬಸ್ಸು ನೋಡಿ ಮಂದಿ ಗಡಿಯಾರ ಹೊಂದಿಸಿಕೊಳ್ಳುತ್ತಿದ್ದ ಕಾಲವಿತ್ತು. ಇರಲಿ. "ರೈಟ್!" ಎಂದ ಇಮಾಮಸಾಬ ಮತ್ತೊಮ್ಮೆ, ದನಿ ಸ್ವಲ್ಪ ಇಳಿಸಿ.

ಈ ಸಲ ಪರದೆ ಆರಲಿಲ್ಲ. ಬಸ್ಸು ಒಂದು ಗೇಣು ಮುಂದೆ ಹೋಯಿತು. ನಿಂತಿತು. ಯೋಚನೆ ಮಾಡಿತು. ಇನ್ನೊಂದು ಗೇಣು ಹೋಯಿತು. ಸ್ಟೀರಿಂಗ್ ಎಡಕ್ಕೆ ತಿರುಗಿಸಿ ನಾನು ಒಂದು ಗುಟುಕು ನೀರು ಕುಡಿದ ಮೇಲೆ ಬಸ್ಸು ಎಡಕ್ಕೆ ತಿರುಗಿತು. ಹಾರ್ನು ಮಾತ್ರ ಓಣಿಗೆಲ್ಲ ಕೇಳುತ್ತಿತ್ತು. ಬಣ್ಣದ ದೀಪ ಝಗಝಗ ಹೊಳೆಯುತ್ತಿದ್ದವು.

"ಡ್ರೈವರ್ ಸಾಹೇಬ್ರ," ಎಂದ ಇಮಾಮಸಾಬ ಮೆಲ್ಲಗೆ, "ಹಳೇ ಎಂಜಿನ್ನಿಗೆ ಹೊಸಾ ಬಾಡಿ ಕಟ್ಟಿ ಕೊಟ್ರ ಡಿಪೋದಾಗ ಭಾಳ ಜಗಳಾ ತಗೀತಿದ್ರಿ, ಹೌದಿಲ್ಲೋ?"

ತೆಗೆಯುತ್ತಿದ್ದೆ. ಮೂವತ್ತೊಂದು ವರ್ಷ ತೆಗೆದಿದ್ದೆ. ಈಗ ಯಾರ ಮೇಲೆ ತೆಗೆಯಲಿ?

ಹಿಂದಿನ ಸೀಟಿನಲ್ಲಿ ಶಾಂತವ್ವ ರೊಟ್ಟಿ ಊಟ ಮುಗಿಸಿದಳು. "ಬಂಕಾಪುರ ಬಂತೇನ್ರಿ?"

"ಇನ್ನೂ ಸ್ಟ್ಯಾಂಡ್ ದಾಟಿಲ್ಲ."

"ಹಂಗಾರ ನನ್ನ ಇಲ್ಲೇ ಇಳಸ್ರಿ. ನಾ ನಡ್ಕೊಂತ ಹೊಕ್ಕೇನಿ."

"ಹೋಲ್ಡಾನ್!" ಎಂದು ಕೂಗಿದ ಇಮಾಮಸಾಬ, ಹದಿನೆಂಟು ವರ್ಷದ ರೂಢಿಯಂತೆ. ನಾನೂ ರೂಢಿಯಂತೆ ಬ್ರೇಕಿಗೆ ಕಾಲು ಹಾಕಿದೆ. ಅಗತ್ಯ ಬೀಳಲಿಲ್ಲ. ಬಸ್ಸು ನಿಂತೇ ಇತ್ತು!

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಎದ್ದು ಸ್ಟೀರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಆಗ ಯಾರೂ ನಗಲಿಲ್ಲ.

ಕೊನೆಯ ಟ್ರಿಪ್ ಸ್ವಲ್ಪ ಸಾವಕಾಶ ಆಗಬೇಕಿತ್ತು ಎಂದು ನಾನು ಇಷ್ಟು ವರ್ಷ ಕೊರಗಿದ್ದೆನಲ್ಲ, ದೇವರು ಕೇಳಿಸಿಕೊಂಡಿದ್ದ. ಸ್ವಲ್ಪ ಹೆಚ್ಚೇ ಕೇಳಿಸಿಕೊಂಡಿದ್ದ!